ಗೈಡ್ ಹೇಳಿದ್ದು, ಆಂಟಿ ಬರೆದದ್ದು

ಕೋಣನಕುಂಟೆಯ ನನ್ನ ಮಹಡಿ ಕೋಣೆಗೆ ಮನೆಯೊಡತಿ ಬರುವುದು ಅಪರೂಪ. ಬಾಡಿಗೆ ವಿಷಯವಾದರೆ ಅಂಕಲ್ ಕೆಳಗಿನಿಂದಲೇ ಕೂಗುತ್ತಾರೆ, ನೀರಿನ ವಿಷಯವಾದರೆ ಫೋನ್ ಬರುತ್ತದೆ. ಹೋದ ವರ್ಷ ಒಂದು ಭಾನುವಾರ ಆಂಟಿ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು. ಮಗಳನ್ನು ನೋಡಲು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದಾಗ ಮಗಳೇ ಬುಕ್ ಮಾಡಿದ ನಾಲ್ಕು ದಿನದ ಬಸ್ ಟೂರು: ಲಾಸ್ ವೇಗಸ್, ಝಯಾನ್, ಬ್ರೈಸ್, ಆಂಟಿಲೋಪ್ ಕ್ಯಾನ್ಯನ್, ಗ್ರ್ಯಾಂಡ್ ಕ್ಯಾನ್ಯನ್, ಮತ್ತೆ ಲಾಸ್ ವೇಗಸ್. ಅದನ್ನೆಲ್ಲ ಬರೆದಿಟ್ಟಿದ್ದಾರೆ. ಅಂಕಲ್‌ಗೆ ಎಪ್ಪತ್ತು ತುಂಬುವ ಶಾಂತಿಯ ದಿನ ಬಂದವರಿಗೆ ತಾಂಬೂಲದ ಜೊತೆ ಒಂದು ಪುಟ್ಟ ಪುಸ್ತಕ ಕೊಡಬೇಕೆಂದು ಆಸೆ. ‘ನೀನು ಪ್ರವಾಸ ಕಥನದ ಮೇಲೇ ಪಿಎಚ್‌ಡಿ ಮಾಡ್ತಿದ್ದೀಯಲ್ಲ, ಸ್ವಲ್ಪ ತಿದ್ದಿಕೊಡು. ತಪ್ಪಿದ್ರೆ ನಗಬೇಡ’ ಎಂದರು.

ನಗುವ ಪ್ರಶ್ನೆ ಇರಲಿಲ್ಲ. ನಾನು ಅದಾಗಲೇ ನಕ್ಕು ಮುಗಿಸಿದ್ದೆ. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗಿಬಂದ ಹಿರಿಯರು ಬರೆಯುವ, ಸ್ವಂತ ಖರ್ಚಿನಲ್ಲಿ ಅಚ್ಚಾಗುವ ಪುಸ್ತಕಗಳ ಬಗ್ಗೆ ಒಂದು ವಾಕ್ಯವಿತ್ತು: ಇವು ಪ್ರವಾಸ ಕಥನಗಳಲ್ಲ, ಪ್ರವಾಸದ ರಸೀದಿಗಳು. ಆ ವಾಕ್ಯದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ನನ್ನ ಗೈಡ್ ಕೂಡ (ವಿಶ್ವವಿದ್ಯಾಲಯದವರು, ಬಸ್ಸಿನವರಲ್ಲ) ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕಿದ್ದರು.

ವಾಕ್ಯ ಪೂರ್ತಿ ಸುಳ್ಳೇನಲ್ಲ. ಇಂಥ ಪುಸ್ತಕಗಳನ್ನು ಹತ್ತಿಪ್ಪತ್ತು ಓದಿದವರಿಗೆ ಗೊತ್ತು, ಕ್ಯಾನ್ಯನ್ ಬಂದ ಕೂಡಲೇ ಬರೆಯುವವರ ದನಿ ಬದಲಾಗುತ್ತದೆ. ವಿಮಾನದ ಊಟ, ಮೊಮ್ಮಗುವಿನ ತೊದಲು, ಅಲ್ಲಿ ಸಿಕ್ಕ ನುಗ್ಗೆಕಾಯಿ ಇವನ್ನೆಲ್ಲ ತಮ್ಮದೇ ಮಾತಿನಲ್ಲಿ ಹೇಳುತ್ತಿದ್ದವರು ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿಗೆ ಬಂದು ನಿಂತಾಗ ಇದ್ದಕ್ಕಿದ್ದಂತೆ 446 ಕಿಲೋಮೀಟರ್ ಉದ್ದ, 29 ಕಿಲೋಮೀಟರಿನಷ್ಟು ಅಗಲ, ಒಂದೂವರೆ ಕಿಲೋಮೀಟರಿಗೂ ಮೀರಿದ ಆಳ ಎನ್ನತೊಡಗುತ್ತಾರೆ. ಆಮೇಲೆ ಒಂದು ಸಾಲು, ವರ್ಣಿಸಲು ಪದಗಳು ಸಾಲವು ಎಂದು. ಆಮೇಲೆ ಫೋಟೋ. ಅಂಕಿಗಳು ಬಸ್ಸಿನ ಮೈಕಿನಿಂದ ಬಂದವು. ಮೈಕ್ ಹಿಡಿದಿದ್ದ ಮನುಷ್ಯ ಮಾತ್ರ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅವನು ಹೇಳಿದ್ದೆಲ್ಲ ಇದೆ, ಅವನಿಲ್ಲ. ಈ ಪ್ರಕಾರದ ನಿಜವಾದ ದೋಷ ಇದು ಎಂದು ಈಗಲೂ ನಂಬುತ್ತೇನೆ. ಬಡ ಭಾಷೆ, ಅಮೆರಿಕದ ರಸ್ತೆಗಳ ಹೊಗಳಿಕೆ, ಇವೆಲ್ಲ ಸಣ್ಣ ದೋಷಗಳು.

ಹಿಂದೆ ಹೀಗಿರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’. ಬರೀ ಹೆಸರುಗಳನ್ನು ನೋಡಿ. ನೋಡುತ್ತಿರುವವರು ಯಾರು ಎಂದು ರಕ್ಷಾಪುಟದಲ್ಲೇ ಹೇಳಿಬಿಡುತ್ತವೆ. ಒಬ್ಬರು ‘ನಾನು’ ಎನ್ನುತ್ತಾರೆ, ಒಬ್ಬರು ತಮ್ಮ ವಯಸ್ಸನ್ನು ಮುಂದಿಡುತ್ತಾರೆ. ಗೊರೂರರದ್ದಂತೂ ಜಾಣತನ: ಅದು ಲೇಖಕರ ಹೆಸರೂ ಹೌದು, ಹಾಸನ ಜಿಲ್ಲೆಯ ಒಂದು ಹಳ್ಳಿಯ ಹೆಸರೂ ಹೌದು. ಇಡೀ ಊರೇ ಅಮೆರಿಕಕ್ಕೆ ಹೋದ ಹಾಗೆ. ಈಗಿನ ಶೀರ್ಷಿಕೆಗಳಲ್ಲಿ ‘ದರ್ಶನ’, ‘ವೈಭವ’, ‘ಸಿರಿ’ ಇರುತ್ತವೆ, ಕಂಡವರು ಇರುವುದಿಲ್ಲ.

ಗೈಡ್‌ನ ಮಾತು ಸಾಹಿತ್ಯವಾಗುವುದೇ ಇಲ್ಲ ಎಂದೂ ಅಲ್ಲ. ಕನ್ನಡದ ಅತ್ಯುತ್ತಮ ‘ಗೈಡೆಡ್ ಟೂರ್’ ಯಾವುದೆಂದು ಕೇಳಿದರೆ ಸ್ವಾಮಿಯವರ ‘ಹಸುರು ಹೊನ್ನು’ ಎನ್ನುತ್ತೇನೆ. ಅಲ್ಲಿ ಗೈಡ್ ಸ್ವತಃ ಮೇಷ್ಟ್ರು, ಪ್ರವಾಸಿಗಳು ವಿದ್ಯಾರ್ಥಿಗಳು. ಗಿಡದ ವಿವರ ಎಷ್ಟೇ ಬರಲಿ, ಅದನ್ನು ಹೇಳುತ್ತಿರುವವರ ತುಂಟತನ, ಕೇಳುತ್ತಿರುವವರ ತುಂಟತನ ಎರಡೂ ಜೊತೆಯಲ್ಲೇ ಬರುತ್ತವೆ. ಮಾಹಿತಿಯ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ.

ಆಂಟಿಯ ನೋಟ್‌ಬುಕ್ಕಿನ ಮೊದಲ ಮೂವತ್ತು ಪುಟ ನಾನಂದುಕೊಂಡ ಹಾಗೇ ಇತ್ತು. ಸ್ವಚ್ಛತೆಗೆ ಮೂರು ಪುಟ. ಹಾರ್ನ್ ಮಾಡದಿರುವುದಕ್ಕೆ ಒಂದು. ಝಯಾನ್ ಮತ್ತು ಬ್ರೈಸ್ ಎರಡನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿದ್ದಾರೆ, ಎರಡೂ ಕಲಸಿಹೋಗಿವೆ. ಆದರೆ ಬಸ್ಸು ಹೊರಟ ಮೇಲೆ ಬೇರೇನೋ ಶುರುವಾಗುತ್ತದೆ. ಬಸ್ಸಿನಲ್ಲಿ ಹೆಚ್ಚಿನವರು ಚೀನೀಯರು. ಗೈಡ್ ಎಲ್ಲವನ್ನೂ ಮೊದಲು ಚೀನೀ ಭಾಷೆಯಲ್ಲಿ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಆಂಟಿ ಬರೆದದ್ದು: ‘ಅವರು ನಕ್ಕಾಗೆಲ್ಲ ನಾವು ಕಾದು ಕೂರುತ್ತಿದ್ದೆವು, ನಮ್ಮ ಪಾಲಿನ ನಗು ಈಗ ಬರುತ್ತೆ ಅಂತ. ಇಂಗ್ಲಿಷಿಗೆ ಬರುವಷ್ಟರಲ್ಲಿ ಅದರಲ್ಲಿ ನಗು ಇರುತ್ತಿರಲಿಲ್ಲ, ಬರೀ ಎಷ್ಟು ಗಂಟೆಗೆ ಬಸ್ಸಿಗೆ ವಾಪಸ್ ಬರಬೇಕು ಅನ್ನೋದು ಇರುತ್ತಿತ್ತು.’ ಅನುವಾದದ ಬಗ್ಗೆ ನಾನು ಹಾಜರಾದ ಎರಡು ವಿಚಾರ ಸಂಕಿರಣಗಳಲ್ಲಿ ಇಷ್ಟು ಚೊಕ್ಕ ಮಾತು ಕೇಳಿದ ನೆನಪಿಲ್ಲ.

ಇನ್ನೊಂದು, ಗಡಿಯಾರದ್ದು. ಬೇಸಿಗೆಯಲ್ಲಿ ಆ ದಾರಿ ಹಿಡಿದವರಿಗೆ ಕಾಲ ಒಂದೇ ಕಡೆ ನಿಲ್ಲುವುದಿಲ್ಲ. ನೆವಾಡದಿಂದ ಯೂಟಾಕ್ಕೆ ಹೋದರೆ ಒಂದು ಗಂಟೆ ಮುಂದೆ. ಅರಿಜೋನ ಬೇಸಿಗೆಗೆಂದು ಗಡಿಯಾರ ತಿರುಗಿಸುವುದಿಲ್ಲವಾದ್ದರಿಂದ ಪೇಜ್ ಎಂಬ ಊರಿಗೆ ಬಂದರೆ ಒಂದು ಗಂಟೆ ಹಿಂದೆ. ಅದೇ ಅರಿಜೋನದೊಳಗಿನ ನವಾಹೋ ಜನರ ನೆಲಕ್ಕೆ ಕಾಲಿಟ್ಟರೆ ಮತ್ತೆ ಮುಂದೆ, ಏಕೆಂದರೆ ಅವರು ತಿರುಗಿಸುತ್ತಾರೆ. ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಬಂದರೆ ಮತ್ತೆ ಹಿಂದೆ. ಫೋನುಗಳು ತಾವೇ ತಾವಾಗಿ ಜಿಗಿಯುತ್ತವೆ. ಬಸ್ಸಿನ ಗೈಡ್ ‘ಫೋನ್ ನಂಬಬೇಡಿ, ನನ್ನನ್ನು ನಂಬಿ’ ಎನ್ನುತ್ತಿದ್ದನಂತೆ. ಅಂಕಲ್ ಮಾತ್ರ ಕೈಗಡಿಯಾರವನ್ನು ನಾಲ್ಕೂ ದಿನ ಮುಟ್ಟಲಿಲ್ಲ. ಅದರಲ್ಲಿ ಇಂಡಿಯಾ ಟೈಮ್ ಇತ್ತು. ‘ಇವರು ಕಮರಿ ಮುಂದೆ ನಿಂತುಕೊಂಡು, ಈಗ ನಮ್ಮನೇಲಿ ಹಾಲು ಬಂದಿರತ್ತೆ ಅಂದರು’ ಎಂದು ಆಂಟಿ ಬರೆದಿದ್ದಾರೆ. ನಾನಿದನ್ನು ತೆಗೆದುಹಾಕಿದೆ. ಯಾಕೆ ಎಂದು ಕೇಳಿದರೆ ಅಪ್ರಸ್ತುತ ಎಂದು ಆಗ ಹೇಳುತ್ತಿದ್ದೆ.

ತಿದ್ದುವಾಗ ನಾನು ಹೀಗೆ ತೆಗೆದದ್ದು ಬಹಳ. ಮಂಡಿ ನೋವು, ಶೌಚಾಲಯ ಎಷ್ಟು ದೂರ, ಒಂದು ಬಾಳೆಹಣ್ಣಿಗೆ ಎಷ್ಟು ಡಾಲರು, ಅದಕ್ಕೆ ಎಷ್ಟು ರೂಪಾಯಿ. ಉಳಿಸಿದ್ದು ‘ಕಥನ’ವನ್ನು. ಅಂದರೆ ರಸೀದಿಯನ್ನು.

ಒಂದು ಪದದ ಬಗ್ಗೆ ಮಾತ್ರ ನಾವಿಬ್ಬರೂ ಕೂತು ಮಾತಾಡಿದೆವು. ಕ್ಯಾನ್ಯನ್‌ಗೆ ಏನನ್ನಬೇಕು? ನಮ್ಮ ಪುಸ್ತಕಗಳು ಸಾಮಾನ್ಯವಾಗಿ ‘ಮಹಾಕಣಿವೆ’ ಎನ್ನುತ್ತವೆ. ಕಣಿವೆ ಅಂದ ಕೂಡಲೇ ನನ್ನ ಕಣ್ಣಿಗೆ ಹಸಿರು, ಇಳಿಜಾರು, ಕೆಳಗೊಂದು ಊರು ಬರುತ್ತದೆ. ಕಣಿವೆಯಲ್ಲಿ ಜನ ವಾಸ ಮಾಡಬಹುದು. ಕ್ಯಾನ್ಯನ್ ಬೇರೆ. ನಡೆದುಕೊಂಡು ಹೋಗುತ್ತಿರುವ ಸಪಾಟು ನೆಲ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಬಾಗಲಕೋಟೆ ಕಡೆಯ ನಮಗೆ ಇದಕ್ಕೆ ಪದವಿದೆ, ಕೊಳ್ಳ. ಐಹೊಳೆ ಹತ್ತಿರ ಸಿದ್ಧನಕೊಳ್ಳ, ಪಟ್ಟದಕಲ್ಲಿನ ಹತ್ತಿರ ಹುಲಿಗೆಮ್ಮನ ಕೊಳ್ಳ. ಕೆಂಪು ಮರಳುಗಲ್ಲು, ಅದರ ನಡುವೆ ಮಳೆಗಾಲದಲ್ಲಿ ಮಾತ್ರ ಮಾತಾಡುವ ನೀರು. ಆಂಟಿ ‘ಕೊಳ್ಳ ಅಂದ್ರೆ ಇಲ್ಲಿ ಯಾರಿಗೂ ತಿಳಿಯಲ್ಲ ಕಣೋ’ ಎಂದರು. ಅವರ ಹೋಲಿಕೆ ಮೇಕೆದಾಟು. ಕೋಣನಕುಂಟೆ ಕ್ರಾಸಿನಿಂದ ಕನಕಪುರ ರಸ್ತೆ ಹಿಡಿದು ಹೊರಟರೆ ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಜಾಗ, ಕಾವೇರಿ ಬಂಡೆ ಕೊರೆದು ಸಪೂರವಾಗಿ ಹರಿಯುವಲ್ಲಿ ಒಂದು ಮೇಕೆ ಹಾರಿತು ಎನ್ನುವ ಜಾಗ. ‘ಅಲ್ಲಿ ಚಿಗರೆ, ನಮ್ಮಲ್ಲಿ ಮೇಕೆ’ ಎಂದು ಅವರು ಆಂಟಿಲೋಪ್ ಕ್ಯಾನ್ಯನ್ ಬಗ್ಗೆ ಬರೆದದ್ದನ್ನು ಉಳಿಸುವಷ್ಟು ಬುದ್ಧಿ ನನಗಿತ್ತು. ಕೊನೆಗೆ ‘ಕಮರಿ’ ಎಂದು ರಾಜಿಯಾದೆವು.

ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಕನ್ನಡದ ಪ್ರವಾಸಿಗಳು ತಪ್ಪದೆ ಬರೆಯುವ ಇನ್ನೊಂದು ಸಂಗತಿ ಅಲ್ಲಿನ ಶಿಖರಗಳ ಹೆಸರು. ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್. ಆಂಟಿ ಕೈ ಮುಗಿದರಂತೆ. ತಪ್ಪೇನಿಲ್ಲ. ಆದರೆ ಇಂಥ ಪುಸ್ತಕಗಳು ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ನೋಡಿ ನಮ್ಮ ಸಂಸ್ಕೃತಿ ಎಲ್ಲೆಲ್ಲಿ ಹರಡಿತ್ತು ಎಂದುಬಿಡುತ್ತವೆ. ಹೆಸರಿಟ್ಟವನು ಕ್ಲಾರೆನ್ಸ್ ಡಟನ್ ಎಂಬ ಅಮೆರಿಕದ ಸರ್ಕಾರಿ ಭೂವಿಜ್ಞಾನಿ. ಆ ಪ್ರದೇಶದ ಬಗ್ಗೆ ಅವನ ಗ್ರಂಥ ಬಂದದ್ದು 1882ರಲ್ಲಿ. ವಿಷ್ಣು, ಶಿವ ಅವನಿಟ್ಟ ಹೆಸರುಗಳು. ಉಳಿದವರು ಆ ರೂಢಿಯನ್ನೇ ಮುಂದುವರಿಸಿದರು. ಪೂರ್ವದೇಶದ ದೇವರುಗಳ ಬಗ್ಗೆ ಆ ಕಾಲದ ಓದಿಕೊಂಡ ಬಿಳಿಯರಿಗಿದ್ದ ರುಚಿ ಅದು. ಅಲ್ಲಿ ಆಗಲೇ ಹೆಸರುಗಳಿದ್ದವು, ಹೆಸರಿಟ್ಟ ಜನವೂ ಇದ್ದರು. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಮರಿಯ ನಡುವಿನ ಒಂದು ನೀರಿನ ತಾಣದಲ್ಲಿ ಬೇಸಾಯ ಮಾಡಿಕೊಂಡಿದ್ದ ಹವಸುಪಾಯಿ ಜನರಲ್ಲಿ ಕೊನೆಯವರನ್ನು 1928ರಲ್ಲಿ ಅಲ್ಲಿಂದ ಹೊರಗೆ ಹಾಕಿದರು. ಬಹುಕಾಲ ‘ಇಂಡಿಯನ್ ಗಾರ್ಡನ್’ ಎನ್ನಿಸಿಕೊಂಡ ಆ ತಾಣಕ್ಕೆ 2022ರಲ್ಲಿ ‘ಹವಸುಪಾಯಿ ಗಾರ್ಡನ್ಸ್’ ಎಂಬ ಹೆಸರು ಬಂತು. ನಮ್ಮ ದೇವರ ಹೆಸರು ಅಲ್ಲಿ ನಿಂತಿರುವುದು ಇನ್ನೊಬ್ಬರ ಹೆಸರು ಅಳಿಸಿದ ಜಾಗದಲ್ಲಿ. ಇದನ್ನೊಂದು ಅಡಿಟಿಪ್ಪಣಿಯಾಗಿ ಸೇರಿಸಲೇ ಎಂದು ಕೇಳಿದ್ದಕ್ಕೆ ಆಂಟಿ, ‘ಶಾಂತಿ ಹೋಮಕ್ಕೆ ಬಂದವರಿಗೆ ಯಾಕೋ ಅದೆಲ್ಲ’ ಎಂದರು. ಸರಿ ಅನ್ನಿಸಿತು, ಬಿಟ್ಟೆ.

ನಾನು ಮಾಡಿದ ನಿಜವಾದ ತಪ್ಪು ಅದರ ಮುಂಚಿನ ಅಧ್ಯಾಯದಲ್ಲಿದೆ.

ಆಂಟಿಲೋಪ್ ಕ್ಯಾನ್ಯನ್ ನವಾಹೋ ಜನರ ನೆಲದಲ್ಲಿದೆ. ಅಲ್ಲಿಗೆ ಯಾರೂ ತಾವಾಗಿ ಹೋಗುವಂತಿಲ್ಲ, ಗೈಡ್ ಇರಲೇಬೇಕು. ಗಾಳಿ ತಂದು ರಾಶಿ ಹಾಕಿದ ಮರಳು ಕಲ್ಲಾಗಿ, ಆ ಕಲ್ಲನ್ನು ಮಳೆಯ ನೀರು ಕೊರೆದು ಆದ ಓಣಿ ಅದು. ಮೇಲಿನ ಭಾಗಕ್ಕೆ ನವಾಹೋ ಭಾಷೆಯಲ್ಲಿ ಬಂಡೆಗಳ ನಡುವೆ ನೀರು ಹರಿಯುವ ಜಾಗ ಎಂದೇ ಹೆಸರು. 1997ರ ಆಗಸ್ಟ್ 12ರಂದು ಎಲ್ಲೋ ದೂರದಲ್ಲಿ ಸುರಿದ ಮಳೆಯ ನೀರು ಕೆಳಗಿನ ಓಣಿಗೆ ನುಗ್ಗಿ ಹನ್ನೊಂದು ಪ್ರವಾಸಿಗಳು ಸತ್ತರು. ಕೆಳಗಿನದಕ್ಕೆ ಏಣಿ ಇಳಿಯಬೇಕು. ಮಂಡಿಯ ದೆಸೆಯಿಂದ ಆಂಟಿ ನೋಡಿದ್ದು ಮೇಲಿನದು.

ಅಲ್ಲಿ ಬಸ್ಸಿನ ಗೈಡ್ ಹಿಂದೆ ನಿಂತು, ಇವರನ್ನು ಒಬ್ಬ ನವಾಹೋ ಹುಡುಗಿಯ ಕೈಗೆ ಒಪ್ಪಿಸಿದ. ಆಂಟಿಯ ನೋಟ್‌ಬುಕ್ಕಿನಲ್ಲಿ ಅವಳಿಗೆ ಆರು ಪುಟ. ಅವಳ ಮುಖ ನಮ್ಮ ಕಡೆಯವರ ಹಾಗಿತ್ತು. ಎಲ್ಲರ ಫೋನ್ ಇಸಿದುಕೊಂಡು ಕ್ಯಾಮೆರಾ ಸರಿಮಾಡಿಕೊಟ್ಟಳು. ಬೇಲೂರಿನ ಗೈಡು ಟಾರ್ಚು ಬಿಟ್ಟು ತೋರಿಸಿದ ಹಾಗೆ ಇಲ್ಲಿ ನೋಡಿ ಕರಡಿ, ಇಲ್ಲಿ ನೋಡಿ ಹೃದಯ ಎಂದು ತೋರಿಸಿದಳು. ‘ದಿನಕ್ಕೆ ಎಷ್ಟು ಸಲ ಕರಡಿ ತೋರಿಸುತ್ತೀಯಮ್ಮ ಅಂತ ಕೇಳಿದೆ. ಆರು ಸಲ ಅಂದಳು. ಬೇಜಾರಾಗಲ್ವಾ ಅಂದೆ. ಕರಡಿಗೆ ಬೇಜಾರಾಗಿರಬಹುದು ಅಂದಳು.’ ಆಮೇಲೆ ಅಂಕಲ್ ಉಸಿರು ತೆಗೆದುಕೊಳ್ಳಲು ನಿಂತಾಗ ಅವಳೂ ನಿಂತು, ತನ್ನ ಅಜ್ಜಿಯ ಅಜ್ಜಿಯ ಕಾಲದ ಮಾತು ಹೇಳಿದಳು. ಆಂಟಿ ಬರೆದ ಸಾಲು ಇದು: ‘ಇವರನ್ನೂ ಒಂದು ಸಲ ಎಬ್ಬಿಸಿ ಓಡಿಸಿದ್ದರಂತೆ. ನೂರಾರು ಮೈಲಿ ನಡೆಸಿದರಂತೆ. ಆಮೇಲೆ ಬಿಟ್ಟರಂತೆ, ಬಂದರಂತೆ.’

ಅದು 1864ರ ದೀರ್ಘ ನಡಿಗೆ. ಅಮೆರಿಕದ ಸೈನ್ಯ ನವಾಹೋ ಜನರನ್ನು ಅವರ ನೆಲದಿಂದ ಹೊರಡಿಸಿ ನ್ಯೂ ಮೆಕ್ಸಿಕೊದ ಬಾಸ್ಕ್ ರೆಡೊಂಡೊ ಎಂಬಲ್ಲಿಗೆ ನಡೆಸಿತು. 1868ರ ಒಪ್ಪಂದದ ನಂತರ ಉಳಿದವರು ಹಿಂತಿರುಗಿದರು. ಇದು ನನಗೆ ಓದಿ ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು. ಆಂಟಿಯ ನಾಲ್ಕು ‘ಅಂತೆ’ಗಳನ್ನು ತೆಗೆದು ನಾನು ಬರೆದೆ: ‘1864ರಲ್ಲಿ ನವಾಹೋ ಜನಾಂಗವನ್ನು ಬಾಸ್ಕ್ ರೆಡೊಂಡೊ ಪ್ರದೇಶಕ್ಕೆ ಬಲವಂತವಾಗಿ ಸ್ಥಳಾಂತರಿಸಲಾಯಿತು.’ ಕರಡಿಯ ಸಂಭಾಷಣೆಯನ್ನು ಪೂರ್ತಿ ತೆಗೆದೆ. ಆರು ಪುಟ ಒಂದೂವರೆ ಪುಟವಾಯಿತು. ಹುಡುಗಿ ‘ಸ್ಥಳೀಯ ಮಾರ್ಗದರ್ಶಕಿ’ಯಾದಳು.

ಪುಸ್ತಕ ಅಚ್ಚಾಗಿ ಬಂದ ಮೇಲೆ, ನವನಗರದಲ್ಲಿರುವ ನನ್ನ ಅಜ್ಜಿಗೆ ಫೋನಿನಲ್ಲಿ ಅದರ ಒಂದೆರಡು ಪುಟ ಓದಿ ಹೇಳುತ್ತಿದ್ದೆ. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿನಲ್ಲಿ ಹೋದದ್ದು. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ನನಗೆ ಆ ಮನೆಯ ನೆನಪು ಅಂತ ಇರುವುದು ಬಾಗಿಲ ಹಿತ್ತಾಳೆ ಚಿಲಕ ಒಂದೇ, ಅದೂ ಈಗಿನ ಮನೆಗೆ ಅದನ್ನೇ ಹಾಕಿರುವುದರಿಂದ. ‘ಸ್ಥಳಾಂತರಿಸಲಾಯಿತು’ ಎಂದು ಓದಿದಾಗ ಅಜ್ಜಿ, ‘ಹಂಗಂದ್ರ?’ ಎಂದಳು. ‘ಎಬ್ಬಿಸಿ ಕಳಿಸಿದ್ರು’ ಎಂದೆ. ‘ನಮ್ಮನ್ನ ಎಬ್ಬಿಸಿದಂಗ?’ ಎಂದಳು.

ಎಬ್ಬಿಸುವುದು ಎಂಬ ಕ್ರಿಯಾಪದದಲ್ಲಿ ಎಬ್ಬಿಸುವವನೊಬ್ಬ ಇದ್ದಾನೆ. ಕೂತಿದ್ದವರು, ಊಟ ಮಾಡುತ್ತಿದ್ದವರು, ಮಲಗಿದ್ದವರು ಇದ್ದಾರೆ. ‘ಸ್ಥಳಾಂತರಿಸಲಾಯಿತು’ ಎಂಬುದರಲ್ಲಿ ಯಾರೂ ಇಲ್ಲ. ನಮ್ಮೂರಿಗೆ ಬಂದ ನೋಟೀಸುಗಳ ಭಾಷೆಯೂ ಅದೇ, ‘ಮುಳುಗಡೆ ಪ್ರದೇಶ’, ‘ಪುನರ್ವಸತಿ’. ಮುಳುಗಡೆ ಊರಿನಿಂದ ಬಂದು, ಪ್ರವಾಸ ಕಥನದಲ್ಲಿ ಮನುಷ್ಯರು ಮಾಯವಾಗುತ್ತಾರೆ ಎಂದು ಅಧ್ಯಾಯ ಬರೆದವನು, ಮನುಷ್ಯರಿದ್ದ ಒಂದು ಸಾಲು ಕೈಗೆ ಸಿಕ್ಕಾಗ ಅದನ್ನು ನೋಟೀಸಿನ ಕನ್ನಡಕ್ಕೆ ತಿರುಗಿಸಿದ್ದೆ. ಆಂಟಿ ಗೈಡ್‌ನ ಮಾತನ್ನು ಗೈಡ್‌ನ ಸಮೇತ ತಂದಿದ್ದರು. ಆ ‘ಅಂತೆ’ ಮಾಡಿದ ಕೆಲಸ ಅದೇ. ಇದು ನನಗೆ ಹೇಳಿದ್ದು, ಹೇಳಿದವಳು ಇನ್ನೊಬ್ಬಳು, ನಾನು ಕೇಳಿಸಿಕೊಂಡವಳು ಎಂಬುದನ್ನು ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಕೆಲವು ಭಾಷೆಯವರು ಇದಕ್ಕೆ ಒಂದಿಡೀ ಉಪವಾಕ್ಯ ಕಟ್ಟಬೇಕು. ನಾವು ಮಾಹಿತಿ ಖಚಿತವಾಗಲಿ ಎಂದು ಮೊದಲು ಅದನ್ನೇ ಅಳಿಸುತ್ತೇವೆ.

ನೋಟ್‌ಬುಕ್ ಮತ್ತೆ ತೆಗೆದು ಓದಿದೆ. ಪೇಜ್ ಊರಿನ ಪಕ್ಕದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯ ಪುಟದಲ್ಲಿ ಆಂಟಿ ಮೈಕಿನಿಂದ ಬಂದ ಅಂಕಿಗಳನ್ನು ಬರೆದಿದ್ದರು: 216 ಮೀಟರ್ ಎತ್ತರ, 1963ರಲ್ಲಿ ನೀರು ತಡೆದದ್ದು, ಕೆರೆ ತುಂಬಲು ಹದಿನೇಳು ವರ್ಷ. ಅದನ್ನೆಲ್ಲ ನಾನು ಉಳಿಸಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಅವರದೇ ಒಂದು ಸಾಲಿತ್ತು: ‘ಹಾಗಾದರೆ ಇದರ ಕೆಳಗೂ ಒಂದು ಕಮರಿ ಇದೆ. ಅದನ್ನು ತೋರಿಸುವ ಟೂರ್ ಇಲ್ಲ.’ ಇದನ್ನು ನಾನು ಮೊದಲ ಸಲ ಓದಿಯೇ ಇರಲಿಲ್ಲವೋ, ಓದಿ ಬಿಟ್ಟಿದ್ದೆನೋ ಗೊತ್ತಿಲ್ಲ. ಅಚ್ಚಿನಲ್ಲಿ ಇಲ್ಲ.

ಲಾಸ್ ವೇಗಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಈ ಪ್ರಕಾರದಲ್ಲಿ ಆ ಊರಿಗೆ ಒಂದು ಕಟ್ಟುಪಾಡಿದೆ. ಮೊದಲು ಪಾಪದ ನಗರಿ ಎಂದು ಬೈದು, ಆಮೇಲೆ ಮೂರು ಪುಟ ದೀಪಗಳನ್ನು ವರ್ಣಿಸುವುದು. ಆಂಟಿ ಬೈಯಲಿಲ್ಲ. ಒಂದು ಡಾಲರ್ ಹಾಕಿ ಆಡಿ ಸೋತರು, ಅಂಕಲ್ ಅದನ್ನು ಊಟದ ಲೆಕ್ಕಕ್ಕೆ ಸೇರಿಸಿದರು. ಬೆಲಾಜಿಯೊ ಹೋಟೆಲಿನ ಮುಂದಿನ ಕಾರಂಜಿಯನ್ನು ಮೂರು ಸಲ ನೋಡಿದರು. ಮೂರನೇ ಸಲ ಈ ನೀರು ಎಲ್ಲಿಂದ ಎಂದು ಬಸ್ಸಿನ ಗೈಡನ್ನು ಕೇಳಿದರು. ಊರಿಗೆ ನೀರೆಲ್ಲ ನಾವು ನೋಡಿಬಂದ ಅದೇ ನದಿಯದ್ದು ಎಂದನಂತೆ ಅವನು. ಕಾರಂಜಿಯ ಕೊಳಕ್ಕೆ ಬೇರೆ ಬಾವಿ ಇದೆ ಎನ್ನುತ್ತಾರೆ, ಇರಲಿ. ಆ ನಗರ ಬದುಕಿರುವುದು ಬಹುಪಾಲು ಕೊಲರಾಡೊ ನೀರಿನ ಮೇಲೆ ಎಂಬುದಂತೂ ನಿಜ. ಅಲ್ಲಿಗೆ ಆಂಟಿಯ ಬರಹ ಕಾರಂಜಿ ಬಿಟ್ಟು ನಮ್ಮ ಬೀದಿಗೆ ಬರುತ್ತದೆ, ಕಾವೇರಿ ನೀರು ಬಿಡುವ ದಿನ, ಸಂಪಿನ ಮುಚ್ಚಳ, ಪಕ್ಕದ ಮನೆಯವರ ಮೋಟರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಕನಕಪುರ ರಸ್ತೆಯ ಪಕ್ಕದಲ್ಲೇ ಮೇಲೆ ಹತ್ತಿಸುವ ನೀರದು. ಕುಂಟೆ ಎಂದರೆ ಸಣ್ಣ ಕೆರೆ. ಕೆರೆಯ ಹೆಸರಿನ ಊರಲ್ಲಿ ಕೂತು ನಾವು ನೂರು ಕಿಲೋಮೀಟರ್ ದೂರದ ನದಿಗೆ ಕಾಯುತ್ತೇವೆ. ಕುಡಿಯುವ ನೀರಿಗೆಂದು ಮೇಕೆದಾಟಿನಲ್ಲೂ ಅಣೆಕಟ್ಟೆ ಕಟ್ಟಬೇಕೆಂಬ ಯೋಜನೆಯ ಜಗಳ ದಿನಪತ್ರಿಕೆಯಲ್ಲಿ ಬಂದಾಗ ಆಂಟಿ ಪೇಪರ್ ಮೇಲೆ ಕಳಿಸಿದ್ದರು. ಯಾವ ಟಿಪ್ಪಣಿಯೂ ಇಲ್ಲದೆ.

ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು. ಇನ್ನೂರು ಪ್ರತಿ ಖರ್ಚಾದವು. ಅಂಕಲ್‌ರ ಗೆಳೆಯರೊಬ್ಬರು ‘ಎಷ್ಟು ಮಾಹಿತಿಪೂರ್ಣ’ ಎಂದರಂತೆ. ಆಂಟಿ ನನಗೆ ಒಂದು ಪ್ಯಾಂಟು ಶರ್ಟಿನ ಬಟ್ಟೆ ಕೊಟ್ಟು, ‘ಎಷ್ಟು ಚೆನ್ನಾಗಿ ತಿದ್ದಿದ್ದೀಯಪ್ಪ, ನಾನೇ ಬರೆದದ್ದಾ ಇದು ಅನ್ನಿಸ್ತು’ ಎಂದರು. ಸಂತೋಷದಿಂದಲೇ ಹೇಳಿದ್ದು.

ಎರಡನೇ ಅಧ್ಯಾಯದ ಆ ವಾಕ್ಯವನ್ನು ತೆಗೆದಿದ್ದೇನೆ. ಬದಲಿಗೆ ಆ ಆರು ಪುಟಗಳ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಗೈಡ್ ಓದಿ, ಇದನ್ನು ಆಕರ ಎಂದು ಹೇಗೆ ತೋರಿಸುತ್ತೀಯ ಎಂದು ಕೇಳಿದರು. ‘ಅಪ್ರಕಟಿತ ಹಸ್ತಪ್ರತಿ’ ಎಂದೆ. ಅದು ಅಚ್ಚಾಗಿದೆಯಲ್ಲ ಎಂದರು. ಅಚ್ಚಾದದ್ದು ಬೇರೆ ಸಾರ್, ಅದನ್ನು ಬರೆದದ್ದು ನಾನು ಎಂದೆ.

ಹೋದ ವಾರ ಆಂಟಿ ಫೋನ್ ಮಾಡಿದರು. ನೀರಿನ ವಿಷಯ ಮುಗಿದ ಮೇಲೆ, ‘ಆ ನೋಟ್‌ಬುಕ್ ಓದಿ ಆಗಿದ್ರೆ ಕೊಟ್ಟುಬಿಡು, ಹಿಂದೆ ಇನ್ನೂ ನಲವತ್ತು ಪುಟ ಖಾಲಿ ಇದೆ. ಹಾಲಿನ ಲೆಕ್ಕಕ್ಕೆ ಬೇಕು’ ಎಂದರು. ಎರಡು ದಿನ ಸಮಯ ಕೇಳಿದ್ದೇನೆ. ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದೇನೆ, ಕಾಗುಣಿತದ ತಪ್ಪುಗಳ ಸಮೇತ.